ಇಷ್ಟದ ಕಾಲೇಜಿಗೆ ಅರ್ಲಿ ಡಿಸಿಷನ್ ಹಾಕಬೇಕಾ? ನವೆಂಬರ್ 1 ಹತ್ತಿರ ಬಂತು, ಸಲಹೆ ಕೊಡಿ

ಎಡಿಸನ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗಳು ಈ ವರ್ಷ ಹನ್ನೆರಡನೇ ಕ್ಲಾಸು. ಗಿಡಗಳಿಗೆ ಬರುವ ರೋಗಗಳ ಬಗ್ಗೆ ಓದಬೇಕು ಅಂತ ಅವಳ ಆಸೆ. ಇದು ಸುಮ್ನೆ ಬಂದದ್ದಲ್ಲ. ಶಿರಸಿ ಹತ್ತಿರ ನನ್ನ ಅಪ್ಪನ ಅಡಿಕೆ ತೋಟವಿದೆ. ಇಲ್ಲಿಯ ಬೇಸಿಗೆ ರಜೆ ಅಂದರೆ ಅಲ್ಲಿ ಜೋರು ಮಳೆಗಾಲ, ಕೊಳೆರೋಗದ ಕಾಲ. ಅಜ್ಜ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಮದ್ದು ಮಾಡಿಸುವುದು, ಕೊನೆಗೌಡ ಮರ ಹತ್ತಿ ಅಡಿಕೆ ಗೊನೆಗೆ ಅದನ್ನು ಹೊಡೆಯುವುದು, ಬಿಡದೆ ಮಳೆ ಬಂದರೆ ಅಷ್ಟು ಮಾಡಿಯೂ ಹಸಿ ಕಾಯಿ ಉದುರಿ ಬೀಳುವುದು. ಇದನ್ನೆಲ್ಲ ಚಿಕ್ಕವಳಿದ್ದಾಗಿನಿಂದ ನೋಡಿದ್ದಾಳೆ. ಒಂದು ಸಲ ಉದುರಿದ ಕಾಯಿಯ ಮೇಲಿನ ಬಿಳಿ ಬೂಸ್ಟನ್ನು ಭೂತಗನ್ನಡಿ ಹಿಡಿದು ನೋಡುತ್ತಾ ಊಟಕ್ಕೂ ಬರದೆ ಕೂತಿದ್ದಳು.

ಹಾಗಾಗಿ ಅವಳಿಗೆ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯ ಬಿಟ್ಟರೆ ಬೇರೆ ಇಲ್ಲ. ಅಲ್ಲಿಯ ಕೃಷಿ ಕಾಲೇಜಿನಲ್ಲಿ ಪ್ಲಾಂಟ್ ಸೈನ್ಸಸ್ ಓದಬೇಕು ಅನ್ನುತ್ತಾಳೆ. ಅರ್ಲಿ ಡಿಸಿಷನ್ ಹಾಕಿದರೆ, ಅಂದರೆ ಒಂದೇ ಕಾಲೇಜಿಗೆ ನವೆಂಬರ್ 1ರೊಳಗೆ ಬೇಗ ಅರ್ಜಿ ಹಾಕಿದರೆ, ಸಿಗುವ ಸಾಧ್ಯತೆ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸಿಕ್ಕರೆ ಹೋಗಲೇಬೇಕು. ನಾವಿಬ್ಬರೂ ಕೆಲಸ ಮಾಡುತ್ತೇವೆ, ಬಡವರಲ್ಲ. ಹಾಗಂತ ವರ್ಷಕ್ಕೆ 90 ಸಾವಿರ ಡಾಲರ್ ಎತ್ತಿ ಕೊಡುವಷ್ಟು ಇಲ್ಲ. ಹಿಂದೆ ಎಂಟನೇ ಕ್ಲಾಸಿನ ಮಗ ಬೇರೆ ಇದ್ದಾನೆ. ಮನೆ ಹತ್ತಿರವೇ ನಮ್ಮ ರಾಜ್ಯದ ವಿಶ್ವವಿದ್ಯಾಲಯ ರಟ್ಗರ್ಸ್ ಇದೆ. ಅದಕ್ಕೂ ಅರ್ಜಿ ಹಾಕುತ್ತಾಳೆ, ಮನಸ್ಸಿಲ್ಲದ ಮನಸ್ಸಿನಿಂದ. ಏನು ಮಾಡುವುದು ಹೇಳಿ.

ಲಾಂಗ್ ಐಲೆಂಡ್ ಅಪ್ಪ

ನನ್ನ ಮಗ ಅದೇ ಕೃಷಿ ಕಾಲೇಜಿಗೆ ಅರ್ಲಿ ಡಿಸಿಷನ್‌ನಲ್ಲೇ ಹೋದದ್ದು. ಹಾಗಾಗಿ ಎರಡು ಮಾತು ಹೇಳುತ್ತೇನೆ.

ಮೊದಲನೆಯದು, ಅಲ್ಲಿ ಸುಮ್ನೆ 'ಕಾರ್ನೆಲ್'ಗೆ ಅಂತ ಅರ್ಜಿ ಹಾಕುವುದಿಲ್ಲ. ಅದರೊಳಗಿನ ಒಂದು ಕಾಲೇಜನ್ನು ಆರಿಸಿ ಹಾಕಬೇಕು. ಕೃಷಿ ಕಾಲೇಜಿನವರು 'ಈ ವಿಷಯವೇ ಯಾಕೆ' ಎಂದು ಕೇಳುವ ಪ್ರಬಂಧವನ್ನು ಗಂಭೀರವಾಗಿ ಓದುತ್ತಾರೆ. ನಿಮ್ಮ ಮಗಳ ಕೊಳೆರೋಗದ ಕಥೆ ಯಾರಿಂದಲೂ ಕಡ ತಂದದ್ದಲ್ಲ. ಅದನ್ನೇ ಬರೆಯಲಿ, ದೊಡ್ಡ ಮಾತು ಸೇರಿಸುವುದು ಬೇಡ.

ಎರಡನೆಯದು ದುಡ್ಡಿನ ವಿಷಯ. ನಾವು ನ್ಯೂಯಾರ್ಕ್ ರಾಜ್ಯದವರು. ಆ ಕೃಷಿ ಕಾಲೇಜಿಗೆ ರಾಜ್ಯದ ನೆರವಿದೆ, ಹಾಗಾಗಿ ನಮಗೆ ಕಾಲೇಜಿನ ಬೋಧನಾ ಶುಲ್ಕದಲ್ಲಿ ವರ್ಷಕ್ಕೆ 20 ಸಾವಿರ ಡಾಲರ್‌ಗಿಂತ ಜಾಸ್ತಿ ಉಳಿಯುತ್ತದೆ. ನ್ಯೂಜೆರ್ಸಿಯವರಿಗೆ ಆ ರಿಯಾಯಿತಿ ಇಲ್ಲ. ಕಾರ್ನೆಲ್ ಮೆರಿಟ್ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಕೊಡುವ ನೆರವೆಲ್ಲ ಮನೆಯ ಆದಾಯ, ಆಸ್ತಿ ನೋಡಿ ಮಾತ್ರ. ನಮಗೆ ತಾಳೆ ಹೊಂದಿತು ಅಂತ ನಿಮಗೂ ಹೊಂದಬೇಕು ಅಂತಿಲ್ಲ. ಕಾಲೇಜಿನ ವೆಬ್‌ಸೈಟ್‌ನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇದೆ, ನೆರವು ಕಳೆದು ನಿಮ್ಮ ಕೈಯಿಂದ ಎಷ್ಟು ಬೀಳುತ್ತದೆ ಎಂದು ಅಂದಾಜು ಹೇಳುತ್ತದೆ. 2011ರಿಂದ ಫೆಡರಲ್ ನೆರವಿನ ವ್ಯವಸ್ಥೆಯಲ್ಲಿರುವ ಪ್ರತಿ ಕಾಲೇಜೂ ಅದನ್ನು ಇಡಲೇಬೇಕು ಅಂತ ಕಾನೂನೇ ಇದೆ. ಇವತ್ತು ರಾತ್ರಿಯೇ ಇಬ್ಬರೂ ಕೂತು ತುಂಬಿ ನೋಡಿ. ಆಮೇಲೆ ಉಳಿದ ಮಾತು.

ಶಾಲೆಯ ಕೌನ್ಸೆಲರ್

ನಾನು ಇಲ್ಲಿನ ಸರ್ಕಾರಿ ಹೈಸ್ಕೂಲ್ ಒಂದರಲ್ಲಿ ಕೌನ್ಸೆಲರ್. ಪ್ರತಿ ಅಕ್ಟೋಬರ್‌ನಲ್ಲೂ ಇದೇ ಗೊಂದಲ ನೋಡುತ್ತೇನೆ, ಅದಕ್ಕೆ ನಿಯಮಗಳನ್ನು ಸರಿಯಾಗಿ ಹೇಳಿಬಿಡುತ್ತೇನೆ.

ಅರ್ಲಿ ಡಿಸಿಷನ್ ಒಂದೇ ಕಾಲೇಜಿಗೆ. ಒಪ್ಪಂದಕ್ಕೆ ವಿದ್ಯಾರ್ಥಿ, ತಂದೆ ಅಥವಾ ತಾಯಿ, ಕೌನ್ಸೆಲರ್ ಮೂವರೂ ಸಹಿ ಹಾಕುತ್ತೇವೆ. ಡಿಸೆಂಬರ್ ಮಧ್ಯಕ್ಕೆ ಫಲಿತಾಂಶ. ಸೀಟು ಸಿಕ್ಕರೆ ಉಳಿದ ಅರ್ಜಿಗಳನ್ನೆಲ್ಲ ವಾಪಸ್ ತೆಗೆಯಬೇಕು. 'ಡಿಫರ್' ಆದರೆ, ಅಂದರೆ ಮಾಮೂಲಿ ಸುತ್ತಿಗೆ ತಳ್ಳಿದರೆ, ಅಲ್ಲಿಗೆ ಕಟ್ಟು ಬಿಚ್ಚಿದ ಹಾಗೆ. ಆಮೇಲೆ ಅಲ್ಲಿ ಸೀಟು ಬಂದರೂ ಹೋಗಲೇಬೇಕು ಅಂತಿಲ್ಲ. ಇದು ಎಷ್ಟೋ ತಂದೆತಾಯಿಗೆ ಗೊತ್ತಿರುವುದಿಲ್ಲ.

ಅರ್ಲಿ ಆ್ಯಕ್ಷನ್ ಬೇರೆ. ಅದರಲ್ಲಿ ಬೇಗ ಉತ್ತರ ಬರುತ್ತದೆ, ಕಟ್ಟುಪಾಡು ಇಲ್ಲ, ಮೇ 1ರವರೆಗೆ ಯೋಚಿಸಬಹುದು. ಒಂದು ಕಡೆ ಅರ್ಲಿ ಡಿಸಿಷನ್ ಹಾಕಿ ಜೊತೆಗೆ ರಟ್ಗರ್ಸ್‌ನಂಥ ಕಡೆ ಅರ್ಲಿ ಆ್ಯಕ್ಷನ್ ಹಾಕುವುದಕ್ಕೆ ಅಡ್ಡಿ ಇಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ಮಾತ್ರ ಬೇರೆ ತರಹ. ಅಲ್ಲಿ ಬೇಗ ಹಾಕಿದರೆ ಸೇರಲೇಬೇಕೆಂಬ ಕಟ್ಟು ಇಲ್ಲ, ಆದರೆ ಬೇರೆ ಖಾಸಗಿ ಕಾಲೇಜುಗಳಿಗೆ ಅದೇ ಸುತ್ತಿನಲ್ಲಿ ಹಾಕುವ ಹಾಗಿಲ್ಲ.

ಕೊಟ್ಟ ನೆರವು ನಿಜವಾಗಿ ಸಾಲದಿದ್ದರೆ ಒಪ್ಪಂದದಿಂದ ಬಿಡುಗಡೆ ಕೇಳಬಹುದು. ಮೊದಲು ನೆರವಿನ ಕಚೇರಿಗೆ ಬರೆದು 'ಇನ್ನೊಮ್ಮೆ ನೋಡಿ' ಎನ್ನಬೇಕು, ಆಮೇಲೂ ಆಗದಿದ್ದರೆ ಬಿಡುತ್ತಾರೆ. ಆದರೆ 'ಹಾಕಿ ನೋಡೋಣ, ಬೇಡವಾದರೆ ಬಿಟ್ಟರಾಯಿತು' ಎಂದು ಯಾರೂ ಹಾಕಬೇಡಿ. ಟುಲೇನ್ ವಿಶ್ವವಿದ್ಯಾಲಯ 2025ರಲ್ಲಿ ಒಂದು ಶಾಲೆಯ ಮಕ್ಕಳಿಗೆ ಒಂದು ವರ್ಷ ಅರ್ಲಿ ಡಿಸಿಷನ್ನೇ ಇಲ್ಲ ಎಂದಿತು. ಕಾರಣ, ಆ ಶಾಲೆಯ ಒಬ್ಬ ವಿದ್ಯಾರ್ಥಿ ಸೀಟು ಒಪ್ಪಿಕೊಂಡು ಹಿಂದೆ ಸರಿದದ್ದು. ಒಬ್ಬರು ಕೈಕೊಟ್ಟರೆ ಹಿಂದೆ ಬರುವ ಮಕ್ಕಳಿಗೆ ಬೀಳುತ್ತದೆ ಪೆಟ್ಟು.

ಕ್ಯುಪರ್ಟಿನೊ ತಾಯಿ

ಅಕ್ಕ, ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕಡೆ ಅರ್ಲಿ ಡಿಸಿಷನ್ ಒಂದು ಆಟದ ಕಾಯಿ ಆಗಿದೆ. ದುಡ್ಡು ತೆಗೆದುಕೊಂಡು ಸಲಹೆ ಕೊಡುವವರು ಮೊದಲು ಕೇಳುವುದೇ 'ನಿಮ್ಮ ಇಡಿ (ಅರ್ಲಿ ಡಿಸಿಷನ್) ಎಲ್ಲಿ?' ಅಂತ. ಮಗುವಿಗೆ ಯಾವ ಕಾಲೇಜು ಇಷ್ಟ ಎಂದಲ್ಲ, ಎಲ್ಲಿ ಹಾಕಿದರೆ ಸಿಗುತ್ತದೆ ಎಂದು. ನನ್ನ ದೊಡ್ಡ ಮಗನಿಗೆ ಒಬ್ಬ ಸಲಹೆಗಾರರು ಅವನು ಯಾವತ್ತೂ ನೋಡದ ಊರಿನ ಕಾಲೇಜಿಗೆ ಇಡಿ ಹಾಕಿಸಲು ಹೊರಟಿದ್ದರು. ನಾವು ಬೇಡ ಎಂದೆವು. ಇಲ್ಲಿಯ ಯುಸಿಗಳಲ್ಲಿ, ಅಂದರೆ ಕ್ಯಾಲಿಫೋರ್ನಿಯಾ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ, ಈ ಬೇಗ-ತಡದ ಗೊಡವೆಯೇ ಇಲ್ಲ. ಎಲ್ಲರೂ ಒಟ್ಟಿಗೆ ಹಾಕುತ್ತಾರೆ, ಒಟ್ಟಿಗೆ ಕಾಯುತ್ತಾರೆ. ಅವನು ಈಗ ಅವುಗಳಲ್ಲಿ ಒಂದಾದ ಡೇವಿಸ್‌ನಲ್ಲಿ ಖುಷಿಯಾಗಿದ್ದಾನೆ.

ಇನ್ನು ಆ 'ಜಾಸ್ತಿ ಸಾಧ್ಯತೆ'. ಪೆನ್ಸಿಲ್ವೇನಿಯಾ, ಡ್ಯೂಕ್, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಗಳಂಥ ಕಡೆ ಹೆಚ್ಚುಕಡಿಮೆ ಅರ್ಧ ಸೀಟು ಅರ್ಲಿ ಡಿಸಿಷನ್‌ನಲ್ಲೇ ತುಂಬುತ್ತದೆ, ನಿಜ. ಆದರೆ ಆ ಗುಂಪಿನಲ್ಲಿ ಯಾರಿರುತ್ತಾರೆ ನೋಡಿ. ಕೋಚ್‌ಗಳು ಮೊದಲೇ ಆರಿಸಿಟ್ಟ ಆಟಗಾರರು ಅಲ್ಲೇ ಇರುತ್ತಾರೆ. ಹಳೇ ವಿದ್ಯಾರ್ಥಿಗಳ ಮಕ್ಕಳೂ ಅಲ್ಲೇ. ಅವರನ್ನೆಲ್ಲ ಬಿಟ್ಟು ಲೆಕ್ಕ ಹಾಕಿದರೆ ನಮ್ಮಂಥವರ ಮಕ್ಕಳಿಗೆ ಉಳಿಯುವ ಲಾಭ ಕಾಣುವಷ್ಟು ದೊಡ್ಡದಲ್ಲ. ದುಡ್ಡಿನ ಚಿಂತೆ ಇಲ್ಲದವರಿಗೆ ಮಾಡಿದ ವ್ಯವಸ್ಥೆ ಇದು, ಅಲ್ವಾ? ನಾಲ್ಕು ಕಡೆಯ ನೆರವು ಪಕ್ಕಪಕ್ಕ ಇಟ್ಟು ನೋಡುವ ಅವಕಾಶವನ್ನೇ ಕಿತ್ತುಕೊಳ್ಳುತ್ತದೆ. ಇದೇ ಕಾರಣ ಕೊಟ್ಟು 2025ರ ಆಗಸ್ಟ್‌ನಲ್ಲಿ 32 ಕಾಲೇಜುಗಳ ಮೇಲೆ ಮ್ಯಾಸಚೂಸೆಟ್ಸ್‌ನ ಫೆಡರಲ್ ಕೋರ್ಟ್‌ನಲ್ಲಿ ಕೇಸು ಹಾಕಿದ್ದಾರೆ.

ಶಾಲೆಯ ಕೌನ್ಸೆಲರ್

ಲಾಭ ಅಷ್ಟೇನೂ ಇಲ್ಲ ಎನ್ನುವುದು ಸರಿಯಲ್ಲ ಮೇಡಂ. 2003ರಲ್ಲೇ ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞರು ಸೇರಿ ಮಾಡಿದ ಒಂದು ಅಧ್ಯಯನದಲ್ಲಿ, ಒಂದೇ ಮಟ್ಟದ ಇಬ್ಬರಲ್ಲಿ ಬೇಗ ಹಾಕಿದವರಿಗೆ ಎಸ್‌ಎಟಿ ಪ್ರವೇಶ ಪರೀಕ್ಷೆಯಲ್ಲಿ 100 ಅಂಕ ಜಾಸ್ತಿ ಬಂದಷ್ಟು ಅನುಕೂಲ ಎಂದು ಕಂಡಿತ್ತು. ಆಟಗಾರರನ್ನು ಬಿಟ್ಟು ಲೆಕ್ಕ ಹಾಕಿದರೂ. ಕಾಲೇಜಿಗೂ ಬೇಕಾದದ್ದು ಅದೇ, ಕರೆದರೆ ಖಂಡಿತ ಬರುವ ಮಗು.

ಆದರೆ ಇದು ಬಡವರಿಗೆ ಅನ್ಯಾಯ ಎನ್ನುವ ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇದೆ. ಹಾರ್ವರ್ಡ್, ಪ್ರಿನ್ಸ್‌ಟನ್ ಕೂಡ 2006ರಲ್ಲಿ ಅದೇ ಕಾರಣ ಹೇಳಿ ಬೇಗ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದವು. ಬೇರೆಯವರು ನಿಲ್ಲಿಸಲಿಲ್ಲ. 2011ರಲ್ಲಿ ಇಬ್ಬರೂ ಮತ್ತೆ ಶುರು ಮಾಡಿದರು.

ಊಹೆ ಬೇಡ ಎನ್ನುವವರು 'ಕಾಮನ್ ಡೇಟಾ ಸೆಟ್' ಎಂದು ಕಾಲೇಜಿನ ಹೆಸರಿನ ಜೊತೆ ಹುಡುಕಿ. ಅದರಲ್ಲಿ ಸಿ21 ಎಂಬ ಕಡೆ ಅರ್ಲಿ ಡಿಸಿಷನ್‌ಗೆ ಎಷ್ಟು ಅರ್ಜಿ, ಎಷ್ಟು ಸೀಟು ಅಂತ ಇರುತ್ತದೆ. ಸಿ7ರಲ್ಲಿ ಮಕ್ಕಳನ್ನು ಆರಿಸುವಾಗ ಯಾವುದಕ್ಕೆ ಎಷ್ಟು ಮಹತ್ವ ಕೊಡುತ್ತಾರೆ ಅಂತ ಇರುತ್ತದೆ. ಕಂಪ್ಯೂಟರ್ ಸೈನ್ಸ್ ಬಯಸುವವರು ಮಾತ್ರ ಒಟ್ಟು ಸಂಖ್ಯೆ ನೋಡಿ ಹಿಗ್ಗಬೇಡಿ. ಕಾರ್ನೆಗಿ ಮೆಲನ್‌ನಂಥ ಕಡೆ ಒಂದೊಂದು ವಿಭಾಗಕ್ಕೂ ಪ್ರವೇಶ ಬೇರೆ ಬೇರೆ.

ಜಯನಗರದಿಂದ

ನಮ್ಮದು ಬೆಂಗಳೂರಿನಿಂದಲೇ ಹಾಕುವವರ ಕಥೆ. ಇಲ್ಲಿಂದ ಹಾಕುವ ಮಕ್ಕಳಿಗೆ ಇನ್ನೊಂದು ತೊಡಕಿದೆ. ನೆರವು ಕೇಳಿದರೆ ಬಹಳಷ್ಟು ಕಾಲೇಜುಗಳಲ್ಲಿ ಅದೇ ಸೀಟು ಕೈತಪ್ಪಲು ಒಂದು ಕಾರಣವಾಗಬಹುದು. ಹೊರದೇಶದ ಮಕ್ಕಳ ವಿಷಯದಲ್ಲೂ ದುಡ್ಡು ನೋಡದೆ ತೀರ್ಮಾನ ಮಾಡಿ, ಪೂರ್ತಿ ನೆರವು ಕೊಡುವವರು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್, ಡಾರ್ಟ್‌ಮತ್, ಬೋಡನ್ ಅಂಥವು. ಹಾಗಂತ 'ಈಗ ಕೇಳುವುದು ಬೇಡ, ಸೇರಿದ ಮೇಲೆ ಕೇಳೋಣ' ಎಂದರೆ, ಎಷ್ಟೋ ಕಡೆ ಆಮೇಲೆ ಕೇಳಲು ಬಿಡುವುದೇ ಇಲ್ಲ.

ಡಾಲರ್‌ಗೆ 85 ರೂಪಾಯಿ ಅಂತ ಹಿಡಿದರೂ 90 ಸಾವಿರ ಡಾಲರ್ ಅಂದರೆ ವರ್ಷಕ್ಕೆ 76 ಲಕ್ಷದ ಮೇಲೆ. ನಾಲ್ಕು ವರ್ಷಕ್ಕೆ 3 ಕೋಟಿ ದಾಟುತ್ತದೆ. ಡಾಲರ್ ಏರಿದರೆ ಇನ್ನೂ ಜಾಸ್ತಿ. ನಮ್ಮ ಮಗ ಒಂದು ಕಾಲೇಜನ್ನು ತುಂಬಾ ಹಚ್ಚಿಕೊಂಡಿದ್ದ. ಹೆಂಡತಿ ಒಂದು ಹಾಳೆಯಲ್ಲಿ ಈ ಲೆಕ್ಕ ಬರೆದು ಅವನ ಮುಂದಿಟ್ಟಳು. ಗದರಲಿಲ್ಲ, ಅಳಲಿಲ್ಲ. ಅವನೇ ನೋಡಿ 'ಅಪ್ಪ, ಮನೆ ಮಾರುವುದು ಬೇಡ' ಎಂದ. ಈಗ ನೆರವು ಕೇಳಿ, ಮಾಮೂಲಿ ಸುತ್ತಿನಲ್ಲಿ ಹಾಕುತ್ತಿದ್ದಾನೆ. ಇಲ್ಲಿಯ ಕಾಲೇಜುಗಳಿಗೂ ಹಾಕುತ್ತಾನೆ.

ಎಚ್-4 ತಂದೆ

ಎಡಿಸನ್ ಮೇಡಂ, ನಿಮ್ಮ ಮಗಳು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಎಂದುಕೊಂಡಿದ್ದೇನೆ. ಇಲ್ಲದಿದ್ದರೆ ಇದನ್ನು ಓದಿ.

ನನ್ನ ಮಗ ನಾಲ್ಕು ವರ್ಷದವನಿದ್ದಾಗಿನಿಂದ ಇಲ್ಲೇ ಇದ್ದಾನೆ. ಒಂದನೇ ಕ್ಲಾಸಿನಿಂದ ಇಲ್ಲೇ ಓದಿದ್ದಾನೆ. ಆದರೂ ನಮ್ಮ ಗ್ರೀನ್ ಕಾರ್ಡ್ ಸಾಲು ಮುಂದೆ ಹೋಗದೆ ಅವನು ಎಚ್-4ನಲ್ಲೇ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಕೊಡುವ ವೀಸಾದಲ್ಲೇ, ಉಳಿದ. ಹೀಗಿದ್ದರೆ ಫೆಡರಲ್ ನೆರವು ಇಲ್ಲ. ಎಷ್ಟೋ ಖಾಸಗಿ ಕಾಲೇಜುಗಳು ಇಂಥ ಮಕ್ಕಳನ್ನು ಹೊರದೇಶದವರ ಸಾಲಿನಲ್ಲೇ ಇಡುತ್ತವೆ. ಜಯನಗರದವರು ಹೇಳಿದ ತೊಡಕೆಲ್ಲ ನಮಗೂ ಬರುತ್ತದೆ. ರಾಜ್ಯದ ಕಾಲೇಜಿನ ಫೀಸಿನಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ನಿಯಮ. 21 ತುಂಬಿದ ಮೇಲೆ ಎಚ್-4 ಮುಗಿದು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಹೋಗಬೇಕು. ಅರ್ಲಿ ಡಿಸಿಷನ್ ಹಾಕುವ ಮೊದಲು ಕಾಲೇಜಿಗೇ ಇಮೇಲ್ ಮಾಡಿ 'ನಮ್ಮ ಮಗುವನ್ನು ಯಾವ ಸಾಲಿನಲ್ಲಿ ಓದುತ್ತೀರಿ, ನೆರವಿದೆಯಾ' ಎಂದು ಕೇಳಿ. ಫೋನಿನಲ್ಲಿ ಹೇಳಿದ್ದು ಸಾಲದು, ಬರಹದಲ್ಲಿ ಬೇಕು.

ಎಡಿಸನ್ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಮಗಳು ಇಲ್ಲೇ ಹುಟ್ಟಿದವಳು, ಆ ತೊಂದರೆ ಇಲ್ಲ. ಎಚ್-4 ಸರ್, ನಿಮ್ಮ ಮಾತು ಓದಿ ನಿಜಕ್ಕೂ ಸಂಕಟವಾಯಿತು.

ನಿನ್ನೆ ರಾತ್ರಿ ಕ್ಯಾಲ್ಕುಲೇಟರ್ ತುಂಬಲು ಕೂತೆವು. ಅರ್ಧಕ್ಕೇ ನಿಂತುಹೋಯಿತು. 'ಬೇರೆ ಆಸ್ತಿ ಇದೆಯಾ' ಎಂದು ಕೇಳುತ್ತದೆ. ಮೈಸೂರಿನಲ್ಲಿ ನಮ್ಮದೊಂದು ಸೈಟ್ ಇದೆ. ಅದನ್ನೂ ಹಾಕಬೇಕಾ? ಅದು ನಾವು ವಾಪಸ್ ಹೋದರೆ ಮನೆ ಕಟ್ಟಲು ಅಂತ ಇಟ್ಟದ್ದು, ಅದರಿಂದ ಒಂದು ಪೈಸೆ ಬರುವುದಿಲ್ಲ. ಆಮೇಲೆ ನನ್ನ ಅತ್ತೆ, ನಮ್ಮ ಮಗಳ ಹೆಸರಿನಲ್ಲಿ ಒಂದು ಎಫ್‌ಡಿ ಇಟ್ಟಿದ್ದಾರೆ. ಅತ್ತೆ ಮಾವನ ಔಷಧಿ ಖರ್ಚಿಗೆ ತಿಂಗಳು ತಿಂಗಳು ದುಡ್ಡು ಕಳಿಸುತ್ತೇವೆ, ಅದನ್ನು ಹೇಳಲು ಜಾಗವೇ ಕಾಣಲಿಲ್ಲ.

ಲೆಕ್ಕದವರು

ಇದು ನಮ್ಮವರಿಗೆಲ್ಲ ಬರುವ ಪ್ರಶ್ನೆ. ವಿವರವಾಗಿ ಬರೆಯುತ್ತೇನೆ.

ಸೈಟ್ ಹಾಕಲೇಬೇಕು. ಸಿಎಸ್‌ಎಸ್ ಪ್ರೊಫೈಲ್ (ಎಷ್ಟೋ ಖಾಸಗಿ ಕಾಲೇಜುಗಳು ಕೇಳುವ ನೆರವಿನ ಅರ್ಜಿ), ಎಫ್‌ಎಎಫ್‌ಎಸ್‌ಎ (ಫೆಡರಲ್ ನೆರವಿನ ಅರ್ಜಿ) ಎರಡರಲ್ಲೂ ವಾಸದ ಮನೆ ಬಿಟ್ಟು ಬೇರೆ ಆಸ್ತಿ ಎಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ದೇಶ ಬೇರೆ ಎಂದು ಬಿಡುವ ಹಾಗಿಲ್ಲ. ಇವತ್ತಿನ ಬೆಲೆಯಲ್ಲಿ ಸಾಲ ಕಳೆದು ಬರೆಯಿರಿ. ನೀವು ಕೊಂಡ ಬೆಲೆ ಅಲ್ಲ. ಹೆದರಬೇಡಿ, ಇಡೀ ಬೆಲೆಯನ್ನು ಕೇಳುವುದಿಲ್ಲ. ಎಫ್‌ಎಎಫ್‌ಎಸ್‌ಎ ಲೆಕ್ಕದಲ್ಲಿ ತಂದೆತಾಯಿಯ ಆಸ್ತಿಯ ಹೆಚ್ಚೆಂದರೆ ಶೇ. 5.64ರಷ್ಟನ್ನು ವರ್ಷಕ್ಕೆ ಕೊಡಬಲ್ಲರು ಎಂದು ಹಿಡಿಯುತ್ತಾರೆ. ಕಾರ್ನೆಲ್‌ನಂಥ ಖಾಸಗಿ ಕಾಲೇಜು ತನ್ನ ನೆರವಿಗೆ ಸಿಎಸ್‌ಎಸ್ ನೋಡಿ ತನ್ನದೇ ಲೆಕ್ಕ ಹಾಕುತ್ತದೆ.

ಎಫ್‌ಡಿ ಮಗಳ ಹೆಸರಿನಲ್ಲಿದ್ದರೆ ಅದು ಮಗುವಿನ ಆಸ್ತಿ. ಅದರಲ್ಲಿ ಎಫ್‌ಎಎಫ್‌ಎಸ್‌ಎ ಶೇ. 20 ಹಿಡಿಯುತ್ತದೆ. ಅಜ್ಜಿ ಪ್ರೀತಿಯಿಂದ ಇಟ್ಟದ್ದು ಇಲ್ಲಿಯ ಲೆಕ್ಕದಲ್ಲಿ ಭಾರವಾಗುತ್ತದೆ. ಆದರೂ ಮುಚ್ಚಿಡಬೇಡಿ.

401(ಕೆ)ನಲ್ಲಿರುವ ನಿವೃತ್ತಿಯ ದುಡ್ಡನ್ನು ಆಸ್ತಿ ಎಂದು ಹಿಡಿಯುವುದಿಲ್ಲ. ನೀವಿರುವ ಮನೆಯ ಬೆಲೆಯನ್ನು ಎಫ್‌ಎಎಫ್‌ಎಸ್‌ಎ ಕೇಳುವುದೇ ಇಲ್ಲ. ಖಾಸಗಿ ಕಾಲೇಜುಗಳಲ್ಲಿ ಕೆಲವು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಹಾರ್ವರ್ಡ್, ಪ್ರಿನ್ಸ್‌ಟನ್ ತೆಗೆದುಕೊಳ್ಳುವುದಿಲ್ಲ.

ಅತ್ತೆ ಮಾವನಿಗೆ ಕಳಿಸುವ ದುಡ್ಡು ಕ್ಯಾಲ್ಕುಲೇಟರ್‌ಗೆ ಅರ್ಥವಾಗುವುದಿಲ್ಲ. ಆದರೆ ಸಿಎಸ್‌ಎಸ್ ಪ್ರೊಫೈಲ್‌ನಲ್ಲಿ ವಿಶೇಷ ಪರಿಸ್ಥಿತಿ ಬರೆಯಲು ಜಾಗವಿದೆ. ತಿಂಗಳಿಗೆ ಎಷ್ಟು, ಯಾವ ಕಾಯಿಲೆಗೆ, ಬ್ಯಾಂಕಿನ ರಸೀದಿ ಇದೆ ಎಂದು ಚಿಕ್ಕದಾಗಿ ಬರೆಯಿರಿ. ಕೇಳಿದರೆ ಕೊಡಲು ರಸೀದಿ ಒಟ್ಟು ಮಾಡಿಡಿ. ಪರಿಗಣಿಸುವುದು ಬಿಡುವುದು ಅವರಿಗೆ ಬಿಟ್ಟದ್ದು. ಆ ದುಡ್ಡನ್ನು ಕಳೆದೇ ಬಿಡುತ್ತಾರೆ ಎಂದು ಮೊದಲೇ ಲೆಕ್ಕ ಹಾಕಿಕೊಂಡು ಅರ್ಲಿ ಡಿಸಿಷನ್ ಹಾಕಬೇಡಿ.

ಮಗನ ವಿಷಯ. ಮೊದಲು ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಎಫ್‌ಎಎಫ್‌ಎಸ್‌ಎ ಭಾರವನ್ನು ಹಂಚುತ್ತಿತ್ತು. 2024-25ರಿಂದ ಅದು ಹೋಯಿತು. ನಿಮ್ಮ ಮಕ್ಕಳಿಗೆ ನಾಲ್ಕು ವರ್ಷ ಅಂತರ ಇರುವುದರಿಂದ ಹೇಗೂ ಒಬ್ಬರಾದ ಮೇಲೆ ಒಬ್ಬರು. ಅಂದರೆ ಎಂಟು ವರ್ಷ ಬಿಡುವಿಲ್ಲದೆ ಫೀಸು. ಮಗಳಿಗೆ ಎಷ್ಟು ಎನ್ನುವುದರ ಜೊತೆಗೆ ಮಗನಿಗೆ ಎಷ್ಟು ಉಳಿಯುತ್ತದೆ ಎನ್ನುವುದನ್ನೂ ಇವತ್ತೇ ಕೇಳಿಕೊಳ್ಳಿ.

ಮೂರನೇ ವರ್ಷದ ಹುಡುಗಿ

ಆಂಟಿ, ನಾನು ಈಗ ಕಾಲೇಜಿನಲ್ಲಿದ್ದೇನೆ, ಬಯಾಲಜಿ. ನಾನು ಒಂದು ಕಾಲೇಜಿಗೆ ಇಡಿ ಹಾಕಿದ್ದೆ, ಡಿಫರ್ ಆಯಿತು, ಮಾರ್ಚ್‌ನಲ್ಲಿ ಇಲ್ಲ ಎಂದರು. ಓದುತ್ತಿರುವುದು ಬೇರೆ ಕಡೆ. ಡಿಸೆಂಬರ್‌ನಲ್ಲಿ ಆ ಪೋರ್ಟಲ್ ತೆರೆದಾಗ ಆದ ಬೇಸರ ನಿಜ, ಅದನ್ನು ಚಿಕ್ಕದು ಎನ್ನುವುದಿಲ್ಲ. ಆದರೆ ಇಲ್ಲಿ ಎರಡನೇ ಸೆಮಿಸ್ಟರ್‌ಗೇ ಒಬ್ಬ ಪ್ರೊಫೆಸರ್ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿತು.

ಅಮ್ಮ ಅಪ್ಪ ನನಗೆ ದುಡ್ಡಿನ ಲೆಕ್ಕ ಯಾವತ್ತೂ ಹೇಳಿರಲಿಲ್ಲ. 'ನೀನು ಓದು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ' ಎನ್ನುತ್ತಿದ್ದರು. ದಯವಿಟ್ಟು ನಿಮ್ಮ ಮಗಳಿಗೆ ಹೇಳಿ. ಹದಿನೇಳು ವರ್ಷಕ್ಕೆ ಅರ್ಥವಾಗುತ್ತದೆ. ಇನ್ನೊಂದು, ಗಿಡದ ರೋಗಗಳನ್ನೇ ಓದುವುದಾದರೆ ಅವಳು ಮುಂದೆ ಪಿಎಚ್‌ಡಿಗೂ ಹೋಗಬಹುದು. ವಿಜ್ಞಾನದ ಪಿಎಚ್‌ಡಿಗೆ ಇಲ್ಲಿ ಸಾಮಾನ್ಯವಾಗಿ ಫೀಸು ಇರುವುದಿಲ್ಲ, ಮೇಲೆ ಸ್ಟೈಪೆಂಡ್ ಕೊಡುತ್ತಾರೆ. ಕಾರ್ನೆಲ್ ಆಗಲೂ ಅಲ್ಲೇ ಇರುತ್ತದೆ.

ಎಡಿಸನ್ ಅಮ್ಮ

ಈ ಹುಡುಗಿಯ ಮಾತನ್ನು ಮಗಳಿಗೆ ಓದಿ ಹೇಳಿದೆ.

ಭಾನುವಾರ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾಲ್ಕೂ ಜನ ಕೂತೆವು. ಮಗನೂ ಇದ್ದ. ಸೈಟ್, ಎಫ್‌ಡಿ ಎಲ್ಲ ಹಾಕಿ ಪೂರ್ತಿ ತುಂಬಿದೆವು. ಕಾರ್ನೆಲ್‌ಗೆ ನಾವು ವರ್ಷಕ್ಕೆ ಕೊಡಬೇಕಾದದ್ದು 60 ಸಾವಿರದ ಮೇಲೆ ಬಂತು. ನಾವು ಸಾಲವಿಲ್ಲದೆ ಕೊಡಬಲ್ಲದ್ದು 40ರ ಹತ್ತಿರ. ರಟ್ಗರ್ಸ್ ನೆರವೇ ಇಲ್ಲದೆಯೂ ಅದರೊಳಗೆ ಬರುತ್ತದೆ. ಸೈಟ್ ಮಾರೋಣ ಎಂದರು ನಮ್ಮವರು. ಮಗಳು ಬೇಡ ಎಂದಳು. ಎದ್ದು ಹೋಗಿ ತುಂಬಾ ಹೊತ್ತು ರೂಮಿನಲ್ಲೇ ಇದ್ದಳು. ನಾನು ಬಾಗಿಲು ತಟ್ಟಲಿಲ್ಲ.

ಮಾರನೇ ದಿನ ಅವಳೇ ರಟ್ಗರ್ಸ್‌ನ ಪ್ಲಾಂಟ್ ಬಯಾಲಜಿ ವಿಭಾಗದ ಪುಟ ತೆರೆದು ಕೂತಿದ್ದಳು. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು ಅಲ್ಲಿಯೇ ಅಂತೆ, 1943ರಲ್ಲಿ, ಸೆಲ್ಮನ್ ವ್ಯಾಕ್ಸ್‌ಮನ್ ಅವರ ಲ್ಯಾಬ್‌ನಲ್ಲಿ, ಮಣ್ಣಿನ ಸೂಕ್ಷ್ಮಜೀವಿಗಳಿಂದ. ನನಗೇ ಪಾಠ ಮಾಡಿದಳು.

ಅರ್ಲಿ ಡಿಸಿಷನ್ ಹಾಕುವುದಿಲ್ಲ ಎಂದು ತೀರ್ಮಾನ ಮಾಡಿದೆವು. ರಟ್ಗರ್ಸ್‌ಗೆ ನವೆಂಬರ್ 1ರೊಳಗೆ ಅರ್ಲಿ ಆ್ಯಕ್ಷನ್. ಮೆರಿಟ್ ದುಡ್ಡು ಕೊಡುವ ಇನ್ನೆರಡು ಕಾಲೇಜು ಹುಡುಕುತ್ತಿದ್ದೇವೆ. ಕಾರ್ನೆಲ್‌ಗೆ ಜನವರಿಯಲ್ಲಿ ಮಾಮೂಲಿ ಸುತ್ತಿನಲ್ಲಿ ಹಾಕುತ್ತಾಳೆ, ಅತ್ತೆ ಮಾವನ ಖರ್ಚನ್ನೂ ಬರೆಯುತ್ತೇವೆ.

ಲಾಂಗ್ ಐಲೆಂಡ್ ಅಪ್ಪ

ನಿಮ್ಮ ತೀರ್ಮಾನವನ್ನು ಗೌರವಿಸುತ್ತೇನೆ. ಆದರೂ ಮನಸ್ಸು ತಡೆಯುತ್ತಿಲ್ಲ. ಇಂಥ ಹುಡುಗಿಗಾಗಿಯೇ ಆ ವಿಭಾಗ ಇರುವುದು. ಮಾಮೂಲಿ ಸುತ್ತಿನಲ್ಲಿ ನೂಕುನುಗ್ಗಲು ತುಂಬಾ ಜಾಸ್ತಿ. ಹಾಕಿ, ನೆರವು ಸಾಲದಿದ್ದರೆ ಬಿಡುಗಡೆ ಕೇಳಬಹುದಿತ್ತಲ್ಲ?

ಎಡಿಸನ್ ಅಮ್ಮ

ಅಣ್ಣ, ಅದನ್ನೂ ಯೋಚಿಸಿದೆವು. 60 ಸಾವಿರ ಎಂದು ಈಗಲೇ ಕಣ್ಣಿಗೆ ಕಾಣುತ್ತಿದೆ. ಗೊತ್ತಿದ್ದೂ ಸಹಿ ಹಾಕಿ ಡಿಸೆಂಬರ್‌ನಲ್ಲಿ 'ಆಗುವುದಿಲ್ಲ' ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಆ ಸಹಿಯಲ್ಲಿ ಅವಳ ಶಾಲೆಯ ಕೌನ್ಸೆಲರ್ ಹೆಸರೂ ಇರುತ್ತದೆ. ಸೀಟು ಕೈಯಲ್ಲಿ ಹಿಡಿದು ವಾಪಸ್ ಕೊಡುವ ನೋವನ್ನೂ ಅವಳಿಗೆ ಕೊಡಲಾರೆ.

ಶಾಲೆಯ ಕೌನ್ಸೆಲರ್

ಸರಿಯಾಗಿ ಯೋಚಿಸಿದ್ದೀರಿ. ಇನ್ನು ಕೆಲಸದ ಮಾತು. ಶಾಲೆಯ ಕೌನ್ಸೆಲರ್‌ಗೆ ಇಡಿ ಇಲ್ಲ ಎಂದು ಈ ವಾರವೇ ತಿಳಿಸಿ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಕಾರ್ನೆಲ್ ಎದುರು ಅರ್ಲಿ ಡಿಸಿಷನ್ ಎಂದು ಆರಿಸಿಟ್ಟಿದ್ದರೆ ರೆಗ್ಯುಲರ್ ಎಂದು ಬದಲಾಯಿಸಿ. ಆ ಪ್ರಬಂಧವನ್ನು ಈಗಲೇ ಬರೆದಿಡಲಿ, ಜನವರಿ 2ರವರೆಗೆ ತಳ್ಳುವುದು ಬೇಡ. ರಟ್ಗರ್ಸ್‌ಗೆ ಅರ್ಜಿಯ ಜೊತೆ ಎಸ್‌ಆರ್‌ಎಆರ್ ಎಂಬ ಅಂಕಪಟ್ಟಿಯನ್ನು ವಿದ್ಯಾರ್ಥಿಯೇ ತುಂಬಿ ಅರ್ಜಿಗೆ ಜೋಡಿಸಬೇಕು. ಒಂಬತ್ತನೇ ಕ್ಲಾಸಿನಿಂದ ಎಲ್ಲ ವಿಷಯ, ಎಲ್ಲ ಗ್ರೇಡು. ಅದಾಗದೆ ಅರ್ಜಿ ಪೂರ್ತಿ ಆದ ಹಾಗೆ ಅಲ್ಲ. ಟ್ರಾನ್ಸ್‌ಕ್ರಿಪ್ಟ್ ಪಕ್ಕದಲ್ಲಿಟ್ಟುಕೊಂಡು ಅವಳೇ ತುಂಬಲಿ, ನೀವು ಒಮ್ಮೆ ತಾಳೆ ನೋಡಿ.